ದಾವಣಗೆರೆಯಲ್ಲಿ ಮನೆ ಮಾಡೋದಾದ್ರೆ ಯಾವ ಏರಿಯಾ? ಇದ್ದು ನೋಡಿದವರ ಮಾತು

ಬೆಂಗಳೂರಲ್ಲಿ ಮನೆ ಹುಡುಕುವಾಗ ಎಲ್ಲರೂ ಮೊದಲು ಕೇಳೋದು ಆಫೀಸು ಎಷ್ಟು ದೂರ ಅಂತ. ಅದೇ ಲೆಕ್ಕ ಇಟ್ಟುಕೊಂಡು ದಾವಣಗೆರೆಗೆ ಬಂದವರು ಸುಮ್ನೆ ಜಾಸ್ತಿ ಬಾಡಿಗೆ ಕೊಡುತ್ತಾರೆ. 2011ರ ಜನಗಣತಿ ಹೊತ್ತಿಗೇ 4 ಲಕ್ಷ ದಾಟಿದ ಊರು ಇದು, ಚಿಕ್ಕದೇನಲ್ಲ. ಆದರೂ ಈ ತುದಿಯಿಂದ ಆ ತುದಿಗೆ ಬೈಕಲ್ಲಿ ಅರ್ಧ ಗಂಟೆ ಸಾಕು. ಸ್ಕೂಲು, ಆಸ್ಪತ್ರೆ, ಮಾರ್ಕೆಟ್ಟು, ಸ್ಟೇಷನ್ನು ಎಲ್ಲಾ ಅಷ್ಟರೊಳಗೇ. ಹಾಗಾಗಿ ನನ್ನ ಮಾತು ಇಷ್ಟೇ. ಪೇಟೆಗೆ ಹತ್ತಿರ ಅನ್ನೋ ಒಂದೇ ಕಾರಣಕ್ಕೆ ದುಡ್ಡು ಸುರಿಯಬೇಡಿ. ನೀರು ಸರಿಯಾಗಿ ಬರೋ, ರಾತ್ರಿ ಸದ್ದಿಲ್ಲದ ಬೀದಿ ಹುಡುಕಿ, ಆ ದುಡ್ಡನ್ನು ಅಲ್ಲಿ ಕೊಡಿ.

ನಾವು ಬೆಂಗಳೂರು ಬಿಟ್ಟು ಇಲ್ಲಿಗೆ ಬಂದಾಗ ಜೊತೆಗೆ ಅಮ್ಮ ಇದ್ದರು, ಸ್ಕೂಲಿಗೆ ಹೋಗೋ ಮಗಳಿದ್ದಳು, ನನ್ನ ಕೆಲಸ ಹರಿಹರದಲ್ಲಿ. ಮೊದಲು ಎಂಸಿಸಿ ಬಿ ಬ್ಲಾಕಿನಲ್ಲಿ ಇದ್ದೆವು, ಈಗ ವಿದ್ಯಾನಗರದಲ್ಲಿ ಇದ್ದೇವೆ. ಅಕ್ಕ ಭಾವನ ಮನೆ ಹಳೇಪೇಟೆಯಲ್ಲಿ, ಒಬ್ಬ ಸ್ನೇಹಿತ ಎಸ್.ಎಸ್. ಲೇಔಟಿನಲ್ಲಿ. ಇಷ್ಟು ಕಡೆ ಹಗಲು ರಾತ್ರಿ, ಮಳೆ ಬೇಸಿಗೆ ಎಲ್ಲಾ ನೋಡಿಯೇ ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ. ಇದನ್ನು ಬಿಟ್ಟು ಬೇರೆ ಏನು ನೋಡಿದರೂ ಪ್ರಯೋಜನ ಇಲ್ಲ. ದಾವಣಗೆರೆಗೆ ಕುಡಿಯೋ ನೀರು ಬರೋದು ತುಂಗಭದ್ರಾ ನದಿಯಿಂದ ಮತ್ತು ಭದ್ರಾ ನಾಲೆಯಿಂದ. ನಾಲೆಯಲ್ಲಿ ನೀರು ಹರಿಯುವಾಗ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಳ್ಳುತ್ತಾರೆ, ನಾಲೆ ನಿಂತಮೇಲೆ ಆ ಸಂಗ್ರಹದ ಮೇಲೆ ದಿನ ತಳ್ಳಬೇಕು. ಲಕ್ಕವಳ್ಳಿಯಲ್ಲಿ ಭದ್ರಾ ಡ್ಯಾಂ ತುಂಬಿದೆಯಾ ಇಲ್ವಾ ಅನ್ನೋದು ನಮ್ಮ ಅಡುಗೆಮನೆ ವಿಷಯ ಅಂತ ಇಲ್ಲಿಗೆ ಬಂದಮೇಲೆ ಗೊತ್ತಾಯಿತು. 2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ಇಲ್ಲದೆ ಬದುಕಿದ ಬೀದಿ ಯಾವುದು, ದಿನಾ ಟ್ಯಾಂಕರ್‌ಗೆ ಫೋನ್ ಮಾಡಿದ ಬೀದಿ ಯಾವುದು ಅಂತ ಕೇಳಿ. ಏರಿಯಾದ ನಿಜವಾದ ರೇಟಿಂಗ್ ಅದೇ.

ಒಂದೇ ಏರಿಯಾದಲ್ಲೂ ನೀರು ಒಂದೇ ಸಮ ಇರಲ್ಲ. ನಿಟ್ಟುವಳ್ಳಿಯಲ್ಲಿ ಒಂದು ಮನೆ ನೋಡಲು ಹೋಗಿದ್ದೆವು. ಮನೆ ಚೆನ್ನಾಗಿತ್ತು, ಗಾಳಿ ಬೆಳಕು ಇತ್ತು, ಓನರ್ ‘ನೀರಿಗೆ ಏನೂ ತೊಂದರೆ ಇಲ್ಲ’ ಅಂದರು. ಹೊರಗೆ ಬಂದು ಮೂಲೆಯ ಗೂಡಂಗಡಿಯಲ್ಲಿ ‘ಅಕ್ಕ, ಈ ಲೈನಿಗೆ ನೀರು ಹೆಂಗೆ?’ ಅಂತ ಕೇಳಿದೆ. ‘ಬಿಡೋದು ಬಿಡ್ತಾರಪ್ಪ, ಆ ಕೊನೇ ನಾಲ್ಕು ಮನೆಗೆ ಏರಂಗಿಲ್ಲ ನೋಡು’ ಅಂದರು. ನಾವು ನೋಡಿದ್ದು ಆ ನಾಲ್ಕರಲ್ಲಿ ಒಂದು. ಹಾಗಾಗಿ ಪಕ್ಕದ ಮನೆಯವರನ್ನು, ಅಂಗಡಿಯವರನ್ನು, ಸಿಕ್ಕರೆ ವಾಲ್ವ್ ತಿರುಗಿಸೋ ಅಣ್ಣನನ್ನು ಕೇಳಿ. ಆಮೇಲೆ ಸಂಪಿನ ಮುಚ್ಚಳ ತೆಗೆಸಿ ಮೊಬೈಲ್ ಟಾರ್ಚ್ ಹಾಕಿ ನೋಡಿ. ಗೋಡೆಯ ಮೇಲೆ ನೀರು ನಿಂತ ಗೆರೆ ಎಲ್ಲಿದೆ ಅಂತ ಕಾಣುತ್ತದೆ. ಗೆರೆ ತಳಕ್ಕೆ ಅಂಟಿಕೊಂಡಿದ್ದರೆ ಆ ಸಂಪು ತುಂಬಿದ್ದು ಕಡಿಮೆ. ಬಚ್ಚಲುಮನೆ ನಲ್ಲಿಯ ಸುತ್ತ ಬಿಳಿ ಪೊರೆ ಕಟ್ಟಿದ್ದರೆ ಆ ಮನೆ ಬೋರ್ ನೀರಿನ ಮೇಲೆ ನಡೆಯುತ್ತಿದೆ ಅಂತ ತಿಳಿಯಿರಿ, ಆ ನೀರಲ್ಲಿ ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ.

ಈಗ ಒಂದೊಂದೇ ಏರಿಯಾ.

ಎಂಸಿಸಿ ಬಿ ಬ್ಲಾಕ್. ಹೊರಗಿನಿಂದ ಬರೋರಿಗೆ ಎಲ್ಲರೂ ಮೊದಲು ಹೇಳೋ ಹೆಸರು. ಅಗಲ ರಸ್ತೆ, ಮರಗಳಿವೆ, ಬಾಪೂಜಿ ಆಸ್ಪತ್ರೆ ಕೂಗಳತೆ ದೂರ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಈ ಊರು ನಿಧಾನಕ್ಕೆ ಕಾಲೇಜುಗಳ ಊರಾಯಿತು. 1951ರಲ್ಲಿ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆಜೆಎಂ ಮೆಡಿಕಲ್, 1979ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು ಬಿಐಇಟಿ. ಅದರ ಫಲ ಪೂರ್ತಿ ಕಾಣೋದು ಈ ಭಾಗದಲ್ಲೇ. ಮನೆ ಮನೆಗೆ ಪಿಜಿ, ಸಂಜೆಯಾದರೆ ರಸ್ತೆ ತುಂಬ ಚಾಟ್ಸ್, ಜ್ಯೂಸು, ಬೈಕುಗಳು. ಓದೋ ಮಕ್ಕಳಿಗೆ, ಒಂಟಿಯಾಗಿ ಇರೋರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ರಾತ್ರಿ ಹತ್ತಕ್ಕೂ ಊಟ ಸಿಗುತ್ತದೆ, ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡುತ್ತಾರೆ. ಆದರೆ ವಯಸ್ಸಾದವರು ಮನೆಯಲ್ಲಿದ್ದರೆ ಕಷ್ಟ. ರಾತ್ರಿ ಹನ್ನೆರಡಕ್ಕೆ ನಡುರಸ್ತೆಯಲ್ಲಿ ಕೇಕ್ ಕಟ್ ಮಾಡಿ, ಪಟಾಕಿ ಹೊಡೆದು, ಬೈಕ್ ಸೈಲೆನ್ಸರ್ ಸದ್ದು ಮಾಡಿಕೊಂಡು ಹೋಗುತ್ತಾರೆ. ನಮ್ಮ ಅಮ್ಮ ಬೆಚ್ಚಿ ಎದ್ದು ಕೂರುತ್ತಿದ್ದರು. ನಾವು ಮನೆ ಬದಲಾಯಿಸಿದ್ದೇ ಅದಕ್ಕೆ. ಓನರ್‌ಗಳೂ ಈಗ ತಲೆ ಲೆಕ್ಕದಲ್ಲಿ ಪಿಜಿಗೆ ಕೊಡೋಕೆ ಇಷ್ಟಪಡುತ್ತಾರೆ, ಫ್ಯಾಮಿಲಿಗೆ ಸಿಗೋ ಮನೆ ಕಡಿಮೆ. ಕಾಲೇಜು ಅಡ್ಮಿಷನ್ ಸಮಯದಲ್ಲಂತೂ ಈ ಕಡೆ ಮನೆ ಹುಡುಕಲೇಬೇಡಿ, ಪರೀಕ್ಷೆ ಮುಗಿದು ಹುಡುಗರು ಖಾಲಿ ಮಾಡುವಾಗ ಬನ್ನಿ.

ಪಿ.ಜೆ. ಬಡಾವಣೆ ಡಾಕ್ಟರುಗಳ ಏರಿಯಾ. ಕ್ಲಿನಿಕ್ಕು, ಲ್ಯಾಬು, ಮೆಡಿಕಲ್ ಶಾಪು ಸಾಲಾಗಿವೆ. ಡಯಾಲಿಸಿಸ್ ಥರ ವಾರ ವಾರ ಆಸ್ಪತ್ರೆಗೆ ಹೋಗಬೇಕಾದವರು ಮನೆಯಲ್ಲಿದ್ದರೆ ಮಾತ್ರ ಇಲ್ಲಿ ದುಬಾರಿ ಬಾಡಿಗೆ ಕೊಡೋದಕ್ಕೆ ಅರ್ಥ ಇದೆ. ಬೇರೆಯವರಿಗೆ ನಾನು ಹೇಳಲ್ಲ. ಪಾರ್ಕಿಂಗ್ ಇಲ್ಲ, ಗೇಟಿನ ಮುಂದೆ ಯಾರದೋ ಕಾರು ನಿಂತಿರುತ್ತದೆ, ಹಳೇ ಮನೆಗಳನ್ನೆಲ್ಲ ಕೆಡವಿ ಕಾಂಪ್ಲೆಕ್ಸ್ ಮಾಡುತ್ತಿದ್ದಾರೆ.

ಹಳೇಪೇಟೆಯ ಬಗ್ಗೆ ಹೊಸಬರು ಸುಮ್ನೆ ಮೂಗು ಮುರಿಯುತ್ತಾರೆ, ನನಗೆ ಅದು ಸರಿ ಅನ್ನಿಸಲ್ಲ. ಮಂಡಿಪೇಟೆ, ಚೌಕಿಪೇಟೆ ಕಡೆ ಮನೆಗಳು ಒತ್ತೊತ್ತಾಗಿವೆ, ಕಾರು ನಿಲ್ಲಿಸೋಕೆ ಜಾಗ ಇಲ್ಲ, ಬೆಳಗ್ಗೆ ಲಾರಿಗಳಿಂದ ಮೂಟೆ ಇಳಿಸೋ ಗದ್ದಲ. ಎಲ್ಲಾ ನಿಜ. ಆದರೆ ಭಾವನಿಗೆ ಒಮ್ಮೆ ರಾತ್ರಿ ಎದೆನೋವು ಬಂದಾಗ ಅಕ್ಕ ಫೋನ್ ಹುಡುಕೋ ಮೊದಲೇ ಪಕ್ಕದ ಮನೆಯ ಹುಡುಗರು ಆಟೋ ತಂದು ನಿಲ್ಲಿಸಿದ್ದರು. ಅಂಥ ನೆರೆಹೊರೆ ಹೊಸ ಲೇಔಟಿನಲ್ಲಿ ಸಿಗೋಕೆ ವರ್ಷಗಳು ಬೇಕು. ಅಕ್ಕಿ ಬೇಳೆ ಹೋಲ್‌ಸೇಲ್ ರೇಟಿಗೆ, ಸಂಜೆಗೆ ಮಂಡಕ್ಕಿ ಮಿರ್ಚಿ ಬಾಗಿಲಲ್ಲೇ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಹಳೇ ದಾವಣಗೆರೆಯ ಮನೆಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅಷ್ಟು ನೆಂಟರು. 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಗೆ ಈ ಊರು ಸೇರಿದಮೇಲೆ ಪೇಟೆಯ ರಸ್ತೆಗಳು ಮೊದಲಿಗಿಂತ ಸುಧಾರಿಸಿವೆ. ಒಂದು ಎಚ್ಚರಿಕೆ ಮಾತ್ರ. ಮಂಡಕ್ಕಿ ಹುರಿಯೋ ಭಟ್ಟಿಗಳಿರೋ ಕಡೆ ಮನೆ ನೋಡುವಾಗ ಭಟ್ಟಿ ಉರಿಯುವ ಹೊತ್ತಿಗೇ ಹೋಗಿ ನೋಡಿ. ಹೊಗೆ ಯಾವ ಕಡೆ ಬೀಸುತ್ತದೆ ಅಂತ ಗೊತ್ತಾಗಬೇಕು. ದಮ್ಮು ಇರೋರಿಗೆ ಆ ಬೀದಿಗಳು ಬೇಡವೇ ಬೇಡ, ಅಲ್ಲಿ ದುಡಿಯೋ ಜನ ಅದನ್ನು ದಿನಾ ಕುಡಿಯುತ್ತಿದ್ದಾರೆ ಅನ್ನೋದು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ರೈಲ್ವೆ ಹಳಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಹಳಿ ಊರಿನ ನಡುವೆಯೇ ಹಾದುಹೋಗುತ್ತದೆ. ಅಶೋಕ ಟಾಕೀಸ್ ರೈಲ್ವೆ ಗೇಟಿನ ಹೆಸರು ಹೇಳಿದರೆ ಇಲ್ಲಿಯ ಯಾರಿಗಾದರೂ ಗೊತ್ತು, ಎಷ್ಟು ಜನರ ಎಷ್ಟು ಹೊತ್ತು ಅಲ್ಲಿ ಕಳೆದಿದೆಯೋ. ಮಕ್ಕಳ ಸ್ಕೂಲು ಹಳಿಯ ಒಂದು ಕಡೆ, ಮನೆ ಇನ್ನೊಂದು ಕಡೆ ಆಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಅಂಡರ್‌ಪಾಸ್‌ಗಳಲ್ಲಿ ನೀರು ನಿಂತರೆ ಸುತ್ತಿಕೊಂಡು ಬರಬೇಕು. ಬಾಡಿಗೆ ಮಾತಾಡೋ ಮೊದಲು ಒಂದು ಸಲ ಬೆಳಗ್ಗೆ ಸ್ಕೂಲ್ ಟೈಮಲ್ಲಿ ಆ ದಾರಿಯಲ್ಲಿ ಗಾಡಿ ಓಡಿಸಿ ನೋಡಿ.

ವಿದ್ಯಾನಗರ, ಅದರ ಆಚೀಚಿನ ತರಳಬಾಳು ಬಡಾವಣೆ. ನಾವು ಇರೋದು ಇಲ್ಲೇ ಆದ್ದರಿಂದ ಸ್ವಲ್ಪ ಪಕ್ಷಪಾತ ಇರಬಹುದು ಅಂತ ನಿಮಗೆ ಅನ್ನಿಸಬಹುದು, ಆದರೂ ಹೇಳುತ್ತೇನೆ, ಮಕ್ಕಳು ಮುದುಕರು ಇಬ್ಬರೂ ಇರೋ ಮನೆಗೆ ಇದೇ ಸರಿ. ಬೆಳಗ್ಗೆ ಪಾರ್ಕಲ್ಲಿ ಅಮ್ಮನಿಗೆ ನಾಲ್ಕು ಜನ ಗೆಳತಿಯರಾಗಿದ್ದಾರೆ. ತರಕಾರಿ ಗಾಡಿ ಬಾಗಿಲಿಗೆ ಬರುತ್ತದೆ. ಮಗಳು ಸೈಕಲ್ಲಲ್ಲಿ ಟ್ಯೂಷನ್‌ಗೆ ಹೋಗಿ ಬರುತ್ತಾಳೆ, ಬೆಂಗಳೂರಲ್ಲಿ ಇದನ್ನು ಕನಸಲ್ಲೂ ಅಂದುಕೊಳ್ಳೋಕೆ ಆಗ್ತಿರಲಿಲ್ಲ. ಎರಡು ಬೆಡ್‌ರೂಮಿನ ಮೊದಲ ಮಹಡಿಗೆ ನಮ್ಮ ಬಾಡಿಗೆ 11,000, ಅಡ್ವಾನ್ಸ್ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದೇನೂ ಕೇಳಲಿಲ್ಲ. ಕೊರತೆ ಇಲ್ಲದೆ ಇಲ್ಲ. ಹದಡಿ ರಸ್ತೆಗೆ ಹತ್ತಿರದ ಮನೆಗಳಿಗೆ ವಾಹನದ ಸದ್ದು, ಧೂಳು. ಸಂಜೆ ಸೊಳ್ಳೆ. ಬೀದಿ ನಾಯಿಗಳು ಜಾಸ್ತಿ, ರಾತ್ರಿ ಪಾಳಿ ಮುಗಿಸಿ ಬರೋರು ಹುಷಾರು. ಪಶ್ಚಿಮಕ್ಕೆ ಗೋಡೆ ಇರೋ ಮೇಲ್ಮಹಡಿ ಮನೆಯಾದರೆ ಏಪ್ರಿಲ್ ಮೇನಲ್ಲಿ ಒಳಗೆ ಕೂರೋಕೆ ಆಗಲ್ಲ. ಈ ಊರಿನ ಬಿಸಿಲು ಅಂಥದ್ದು, ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಮನೆ ನೋಡಿ.

ನಿಟ್ಟುವಳ್ಳಿ, ಕೆ.ಟಿ.ಜೆ. ನಗರ ಕಡಿಮೆ ಬಜೆಟ್‌ನವರಿಗೆ ಚೆನ್ನಾಗಿವೆ. ಇಎಸ್‌ಐ ಆಸ್ಪತ್ರೆ ನಿಟ್ಟುವಳ್ಳಿಯಲ್ಲೇ ಇದೆ, ಇಎಸ್‌ಐ ಕಾರ್ಡ್ ಇರೋ ಕಾರ್ಮಿಕರಿಗೆ ಇದು ದೊಡ್ಡ ಅನುಕೂಲ. ನೀರಿನ ವಿಷಯ ಮೇಲೆ ಹೇಳಿದ ಹಾಗೆ ಬೀದಿ ಬೀದಿಗೂ ಬೇರೆ.

ಎಸ್.ಎಸ್. ಲೇಔಟ್, ಆಂಜನೇಯ ಬಡಾವಣೆ ಕಡೆ ದೊಡ್ಡ ಮನೆಗಳು, ದೊಡ್ಡ ಬಾಡಿಗೆ. ಸ್ನೇಹಿತನ ಮನೆಗೆ ಹೋದಾಗೆಲ್ಲ ಆ ಅಗಲ ರಸ್ತೆ ನೋಡಿ ಖುಷಿಯಾಗುತ್ತದೆ, ಆದರೆ ಅವನಿಗೆ ಎದುರು ಮನೆಯವರ ಹೆಸರು ಗೊತ್ತಿಲ್ಲ. ಊರಿನ ಗಾಜಿನ ಮನೆ ಪಾರ್ಕು, ಕುಂದುವಾಡ ಕೆರೆ ಏರಿ ಇವರಿಗೆ ಹತ್ತಿರ. ಬೆಳಗ್ಗೆ ಆ ಏರಿ ಮೇಲೆ ನಡೆಯೋದು, ನೀರಹಕ್ಕಿಗಳನ್ನು ನೋಡೋದು ಇಡೀ ಊರಿನಲ್ಲಿ ನನಗೆ ಇಷ್ಟವಾದ ವಿಷಯ. ಅದಕ್ಕಾಗಿ ಅಲ್ಲೇ ಮನೆ ಮಾಡಬೇಕಿಲ್ಲ, ಬೈಕಲ್ಲಿ ಹೋಗಿ ಬಂದರಾಯಿತು.

ಇನ್ನೊಂದು ವಿಷಯ ಹೇಳದೆ ಇರೋಕೆ ಆಗಲ್ಲ. ಮನೆ ಹುಡುಕುವಾಗ ಬಾಡಿಗೆ ಎಷ್ಟು ಅಂತ ನಾವು ಕೇಳೋ ಮೊದಲು ‘ನೀವು ಯಾವ ಜನ?’ ಅಂತ ಅವರು ಕೇಳುತ್ತಾರೆ. ಪಾಶ್ ಅನ್ನಿಸಿಕೊಂಡ ಏರಿಯಾಗಳಲ್ಲಿ ಇದು ಇನ್ನೂ ಜಾಸ್ತಿ. ನನ್ನ ಜೊತೆ ಕೆಲಸ ಮಾಡೋ ಹುಡುಗನಿಗೆ ಕೀ ಕೊಡೋ ಹಂತಕ್ಕೆ ಬಂದು, ಹೆಸರು ಕೇಳಿದಮೇಲೆ ‘ನೆಂಟರು ಬರ್ತಿದಾರೆ, ಮನೆ ಕೊಡಲ್ಲ’ ಅಂದುಬಿಟ್ಟರು. ಆ ದಿನ ಅವನ ಮುಖ ನೋಡೋಕೆ ಆಗಲಿಲ್ಲ. ಮನೆ ಕೊಡೋರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಪ್ರಶ್ನೆ ಬಿಡಿ. ಬಾಡಿಗೆ ಸರಿಯಾಗಿ ಕೊಡ್ತಾರಾ, ಮನೆ ಚೊಕ್ಕಟ ಇಟ್ಟುಕೊಳ್ತಾರಾ ಅಷ್ಟು ಕೇಳಿ. ಈ ಪ್ರಶ್ನೆ ಕೇಳದೆ ಮನೆ ಕೊಟ್ಟವರು ನಮಗೆ ನಿಟ್ಟುವಳ್ಳಿ ಕಡೆ ಜಾಸ್ತಿ ಸಿಕ್ಕರು, ಅದಕ್ಕೇ ಆ ಏರಿಯಾದ ಮೇಲೆ ನನಗೆ ಗೌರವ.

ಬಾಡಿಗೆ ಬೇಡ, ಸೈಟ್ ತಗೊಂಡು ಕಟ್ಟಿಸೋಣ ಅನ್ನೋರಿಗೆ ಲೋಕಿಕೆರೆ ರಸ್ತೆ, ಶಾಮನೂರು, ಬಾತಿ ಕಡೆ ಹೊಸ ಲೇಔಟುಗಳ ಬೋರ್ಡು ದಿನಾ ಏಳುತ್ತಿವೆ. ನಿನ್ನೆವರೆಗೆ ಭದ್ರಾ ನೀರಲ್ಲಿ ಭತ್ತ ಬೆಳೆದ ಗದ್ದೆಗಳು ಅವು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪಾಯ ಸರಿ ಹಾಕದಿದ್ದರೆ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು ಗ್ಯಾರಂಟಿ. ಅಲ್ಲಿ ಆಗಲೇ ಕಟ್ಟಿರೋ ಮನೆಗಳ ಕಾಂಪೌಂಡ್ ಗೋಡೆ ನೋಡಿದರೆ ಮಣ್ಣಿನ ಗುಣ ತಿಳಿಯುತ್ತದೆ. ಅಂಥ ಕಡೆ ಪಾಯ, ಕಾಲಂ ಖರ್ಚು ಜಾಸ್ತಿ ಬರುತ್ತದೆ, ಸೈಟ್ ಅಗ್ಗ ಅಂತ ಹಿಗ್ಗೋ ಮೊದಲು ಅದನ್ನೂ ಸೇರಿಸಿ ಲೆಕ್ಕ ಹಾಕಿ. ಮಳೆಗಾಲದಲ್ಲಿ ಒಮ್ಮೆ ಹೋಗಿ ನಿಂತು ನೋಡಿ, ನೀರು ಹರಿದು ಎಲ್ಲಿಗೆ ಹೋಗುತ್ತದೆ ಅಂತ. ಹಳೇ ಗದ್ದೆ ಕಾಲುವೆ ಮುಚ್ಚಿ ಸೈಟ್ ಮಾಡಿದ್ದರೆ ನೀರು ನಿಮ್ಮ ಮನೆಯೊಳಗೇ ದಾರಿ ಹುಡುಕುತ್ತದೆ.

ಕಾಗದ ಪತ್ರದಲ್ಲಿ ಮೊದಲು ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇದೆಯಾ ನೋಡಿ, ಪಾಲಿಕೆ ಒಳಗಾದರೆ ಇ-ಖಾತೆ ಕೇಳಿ. ಪಂಚಾಯಿತಿ ಜಾಗವಾದರೆ ಫಾರಂ 9 ಜೊತೆಗೆ 11ಎ ಇರಬೇಕು. 11ಬಿ ತೋರಿಸಿ ‘ಎಲ್ಲಾ ಒಂದೇ ಸಾರ್’ ಅಂದರೆ ಒಪ್ಪಬೇಡಿ, ಅದು ಒಂದೇ ಅಲ್ಲ, 11ಬಿ ಅನುಮೋದನೆ ಇಲ್ಲದ ಜಾಗದ್ದು, ಸಾಲಕ್ಕೆ ಬ್ಯಾಂಕಿಗೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಮಾಡಿದ ಹೊಸ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು, ನಂಬರ್ ಕೇಳಿ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ. ಎಲ್ಲಾ ಸರಿ ಇದ್ದರೂ ಅಲ್ಲಿ ದೀಪ, ಚರಂಡಿ, ಪಾಲಿಕೆ ನೀರು ಬಂದು ನಾಲ್ಕಾರು ಮನೆ ಏಳೋವರೆಗೆ ವಿದ್ಯಾನಗರದಲ್ಲೋ ನಿಟ್ಟುವಳ್ಳಿಯಲ್ಲೋ ಬಾಡಿಗೆಗೆ ಇರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಅವಸರ ಬೇಡ, ಗದ್ದೆ ಬಯಲಿನ ಒಂಟಿ ಮನೆಗೆ ಸಂಜೆ ಆದಮೇಲೆ ಆಟೋ ಸಹ ಬರಲ್ಲ.