ಸಾನ್ ರೆಮೊ, ಫ್ಲಾಂಡರ್ಸ್, ರೂಬೆ: ಮೊದಲು ಯಾವ ರೇಸ್ ನೋಡೋದು?

ಒಂದೇ ದಿನದ ಸೈಕಲ್ ರೇಸ್‌ಗಳಲ್ಲಿ ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಹತ್ತಿರ ಎಷ್ಟು ಹೊತ್ತಿದೆ, ಟಿವಿಯಲ್ಲಿ ನೋಡ್ತೀರಾ ಇಲ್ಲ ರಸ್ತೆ ಪಕ್ಕ ನಿಲ್ತೀರಾ, ಅದೇ ಮುಖ್ಯ.

ಹೊತ್ತಿಲ್ಲ ಅಂದರೆ ಮಾರ್ಚ್‌ನ ಮಿಲಾನ್-ಸಾನ್ ರೆಮೊ. ಸುಮಾರು 300 ಕಿ.ಮೀ. ರೇಸ್, ಆದರೆ ಬಹಳ ಹೊತ್ತು ಏನೂ ಆಗೋದಿಲ್ಲ, ಸುಮ್ನೆ ಕೂತು ಯಾಕೆ ಕಾಯಬೇಕು? ಕೊನೆಯ ಹೊತ್ತಿಗೆ ಚಿಪ್ರೆಸ್ಸಾ ಅನ್ನೋ ಗುಡ್ಡದ ಏರು ಬಂದಾಗ ಟಿವಿ ಹಾಕಿ. ಕೊನೆಯ ಏರು ಪೊಜ್ಜೊ. ಅದರ ತುದಿಯಿಂದ ಗುರಿಗೆ 5.5 ಕಿ.ಮೀ. ಅಷ್ಟೇ.

ಇಡೀ ಮಧ್ಯಾಹ್ನ ಬಿಡುವಿದ್ದರೆ ಏಪ್ರಿಲ್‌ನ ಪ್ಯಾರಿಸ್-ರೂಬೆ. ಹಳೇ ಕಲ್ಲುಹಾಸಿನ ದಾರಿಯೇ 50 ಕಿ.ಮೀ.ಗೂ ಜಾಸ್ತಿ. ಆರೆನ್‌ಬರ್ಗ್ ಕಾಡಿನೊಳಗೆ ಕಲ್ಲುಗಳ ಮಧ್ಯೆ ಬಿರುಕು, ಹ್ಯಾಂಡಲ್ ಹಿಡಿದ ಕೈ ಗಡಗಡ ನಡುಗುತ್ತದೆ, ಪಂಕ್ಚರ್ ಆದವನು ತಂಡದ ಕಾರು ಎಲ್ಲಿ ಅಂತ ಹಿಂದೆ ತಿರುಗಿ ನೋಡ್ತಾನೆ. ಅದೃಷ್ಟ ಕೆಟ್ಟರೆ ಬಲಶಾಲಿಯೂ ಸೋಲುತ್ತಾನೆ. ಅದು ನಿಮಗೆ ಅನ್ಯಾಯ ಅನ್ನಿಸಿದರೆ ಇದು ನಿಮಗಲ್ಲ. ನನಗಂತೂ ಅದೇ ಇಷ್ಟ.

ಬೆಲ್ಜಿಯಂಗೇ ಹೋಗಿ ನಿಂತು ನೋಡೋದಾದರೆ ಅಲ್ಲಿನ ಟೂರ್ ಆಫ್ ಫ್ಲಾಂಡರ್ಸ್. ರೂಬೆಯಲ್ಲಿ ಒಂದು ಕಡೆ ನಿಂತರೆ ಸವಾರರು ಒಮ್ಮೆ ಧೂಳೆಬ್ಬಿಸಿ ಹೋದರೆ ಮುಗೀತು, ಇಲ್ಲಿ ಪುರುಷರ ರೇಸ್ ಔಡೆ ಕ್ವಾರೆಮಾಂಟ್ ಏರನ್ನು ಮತ್ತೆ ಮತ್ತೆ ಹತ್ತುತ್ತದೆ. ಪಕ್ಕದ ಪಾಟರ್‌ಬರ್ಗ್ ಚಿಕ್ಕದು, ಆದರೆ ಕಡಿದಾದ ಕಡೆ 20% ಏರು. ಯಾರ ಕಾಲಲ್ಲಿ ಶಕ್ತಿ ಉಳಿದಿದೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ. ಜನಜಂಗುಳಿ ಮಾತ್ರ ಜಾಸ್ತಿ, ಬೇಗ ಹೋಗಿ ಜಾಗ ಹಿಡೀರಿ.