ಮೊಣಕಾಲಿನ ಎರಡನೇ ಆಪರೇಷನ್: 5ಕ್ಕೆ 3 ಸ್ಟಾರ್

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆ. ಹೆಸರು ಬರೆಯಲ್ಲ, ಅವ್ವನನ್ನು ಚೆಕಪ್‌ಗೆ ಇನ್ನೂ ಅಲ್ಲಿಗೇ ಕರೆದುಕೊಂಡು ಹೋಗಬೇಕು.

ಅವ್ವನಿಗೆ 71. ಬಲಗಾಲಿಗೆ 14 ವರ್ಷದ ಹಿಂದೆ ಹಾಕಿಸಿದ್ದ ಕೃತಕ ಕೀಲು ಸಡಿಲವಾಗಿತ್ತು. ಅದನ್ನು ತೆಗೆದು ಹೊಸದು ಹಾಕೋದಕ್ಕೆ ರಿವಿಷನ್ ಅಂತಾರೆ. ಆಪರೇಷನ್ ಚೆನ್ನಾಗಾಯ್ತು ಅಂದರು.

ಐದನೇ ದಿನ ಬಿಲ್ ಬಂತು. ಇಂಪ್ಲಾಂಟ್ ರೇಟಲ್ಲಿ ತಕರಾರಿಲ್ಲ. ರಿವಿಷನ್ ಇಂಪ್ಲಾಂಟಿಗೆ ಸರ್ಕಾರ 2017ರಲ್ಲೇ 1,13,950 ರೂಪಾಯಿ ಮಿತಿ ಹಾಕಿತ್ತು, ಈಗಿನ ರೇಟೂ ವಿಚಾರಿಸಿಕೊಂಡೇ ಹೋಗಿದ್ದೆ. ಅದರ ಕೆಳಗೆ ಇನ್ನೊಂದು ಸಾಲು: ಸರ್ಕ್ಲೇಜ್ ವೈರ್, 2. ಮಂಡಿಪೇಟೆಯಲ್ಲಿ ನನ್ನದು ಎಲೆಕ್ಟ್ರಿಕಲ್ ಅಂಗಡಿ. ವೈರ್ ಅಂತ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತೆ. ಎಕ್ಸ್‌ರೇ ಕಿಟಕಿಗೆ ಹಿಡಿದೆ. ತೊಡೆಮೂಳೆಯ ಕೆಳಭಾಗಕ್ಕೆ ಎರಡು ಸುತ್ತು ತಂತಿ. ಸೆಂಟ್ರಿಂಗ್‌ನವರು ಸರಳಿಗೆ ಬೈಂಡಿಂಗ್ ವೈರ್ ತಿರುಚಿ ಕಟ್ಟಿದ ಹಾಗೆ.

ಕೇಳಿದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಸಿಮೆಂಟ್ ಹಾಕಿ ಕೂರಿಸಿದ್ದ ಹಳೇ ಕೀಲು ಬಿಡಿಸುವಾಗ ಮೂಳೆ ಸೀಳಿದೆ. ಹಳೇ ಗೋಡೆಯಿಂದ ಪೈಪ್ ಕಿತ್ತರೆ ಗಾರೆ ಬಿರುಕು ಬಿಡಲ್ವಾ, ಹಾಗೆ. ಅವ್ವ ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದ್ದಾಳೆ, ಮೂಳೆ ಸವೆದಿದೆ. ಹೊಸ ಕೀಲಿನ ಉದ್ದನೆಯ ಸ್ಟೆಮ್, ಅಂದರೆ ಮೂಳೆಯೊಳಗೆ ಇಳಿಯುವ ಸರಳು, ಬಿರುಕು ದಾಟಿ ಒಳಗಿಂದ ಹಿಡಿದಿದೆ, ಹೊರಗಿಂದ ತಂತಿ. ಆರು ವಾರ ಆ ಕಾಲಿನ ಮೇಲೆ ಭಾರ ಬಿಡಬಾರದು.

ಮೂಳೆ ಸೀಳಿದ್ದಕ್ಕೆ ನಾನು ಸ್ಟಾರ್ ಕಟ್ ಮಾಡಿಲ್ಲ. ಮೊದಲ ಆಪರೇಷನ್‌ಗಿಂತ ರಿವಿಷನ್‌ನಲ್ಲಿ ಇದು ಜಾಸ್ತಿ. ಆದರೆ ನಮಗಿಂತ ಮುಂಚೆ ಬಿಲ್ಲಿಂಗ್ ಕೌಂಟರಿಗೆ ಗೊತ್ತಿತ್ತಲ್ಲ! ಹಿಂದಿನ ದಿನ ನರ್ಸ್ ಅವ್ವನನ್ನು ಬಾತ್‌ರೂಮಿಗೆ ನಡೆಸಿಕೊಂಡು ಹೋಗಿದ್ದರು. ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ಸಹಿ ಹಾಕಿಸಿಕೊಂಡ ಫಾರ್ಮಲ್ಲಿ ಮೂಳೆ ಮುರಿಯಬಹುದು ಅಂತ ಇತ್ತಂತೆ. ಇಂಗ್ಲಿಷಲ್ಲಿ. ಸ್ಟೆರಾಯ್ಡ್ ವಿಷಯ ಮೊದಲೇ ಹೇಳಿದ್ದೆವು, ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾತ್ರ ಮಾಡಿಸಲಿಲ್ಲ. ನೀವು ಹೋದರೆ ಕೇಳಿ ಮಾಡಿಸಿಕೊಳ್ಳಿ.

3 ಸ್ಟಾರ್‌ನಲ್ಲಿ ಒಂದು ಪೂರ್ತಿ ಅವರ ಫಿಸಿಯೋಥೆರಪಿ ಹುಡುಗನದು. ಆರು ವಾರ ಕಳೆದ ಮೇಲೆ ವಿನೋಬನಗರದ ನಮ್ಮ ಮನೆಗೇ ಬಂದ. ತೂಕದ ಮೆಷಿನ್ ನೆಲಕ್ಕಿಟ್ಟು, ವಾಕರ್ ಹಿಡಿಸಿ, ಬಲಗಾಲು ಅದರ ಮೇಲೆ ಇಡಿಸಿದ. "ಅಮ್ಮಾ, ಮುಳ್ಳು 10 ದಾಟಬಾರದು ನೋಡ್ರಿ."

"ನಾನೇನು ಮೆಕ್ಕೆಜೋಳದ ಚೀಲಾನಾ, ತೂಕ ಹಾಕಾಕೆ?" ಅಂದಳು ಅವ್ವ. ಈ ವಾರ 30ಕ್ಕೆ ಬಂದಿದ್ದಾಳೆ.