ಮೂರು ಮಳೆಗಾಲ ಬಳಸಿದ್ಮೇಲೆ: ಖನಿಜ ಹುಡುಕೋಕೆ ಭೂಗರ್ಭ ಸಿಮ್ಯುಲೇಷನ್ ಸಾಫ್ಟ್‌ವೇರ್

ನೆಲದಡಿ ಬಿಸಿನೀರು ಎಲ್ಲಿ ಹರಿದು ಖನಿಜ ಎಲ್ಲಿ ಬಿಟ್ಟಿರಬಹುದು ಅಂತ ಲೆಕ್ಕ ಹಾಕಿ ತೋರಿಸೋ ಸಾಫ್ಟ್‌ವೇರ್ ಇದು, ಫೀಚರ್ ಪಟ್ಟಿ ಬಿಡ್ತೀನಿ. ನಾನು ಶಿವಮೊಗ್ಗದಲ್ಲಿದ್ದು ಗುತ್ತಿಗೆ ಮೇಲೆ ಎಕ್ಸ್‌ಪ್ಲೊರೇಷನ್ ಕೆಲಸ ಮಾಡೋ ಜಿಯಾಲಜಿಸ್ಟ್, ದುಡ್ಡು ಕೊಟ್ಟು ಲೈಸೆನ್ಸ್ ತಗೊಳೋ ಶಕ್ತಿ ಇಲ್ಲ, ಹಾಗಾಗಿ ಫ್ರೀ ಸಿಗೋ ಓಪನ್ ಸೋರ್ಸ್ ಪ್ಯಾಕೇಜು, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು.

ಜೂನ್ ಬಂತಂದ್ರೆ ನಮ್ಮ ಕಡೆ ಫೀಲ್ಡ್ ಬಂದ್. ರಾತ್ರಿ ಊಟ ಆದ್ಮೇಲೆ ರನ್ (ಒಂದು ಸಲದ ಲೆಕ್ಕ) ಹಾಕಿ, ಅರ್ಧ ಗಂಟೆಗೊಂದು ಸಲ ಸೇವ್ ಆಗೋ ಹಾಗೆ ಇಟ್ಟು, ಯುಪಿಎಸ್ ನೋಡಿ ಮಲಗ್ತೀನಿ (ಗುಡುಗು ಶುರುವಾದ್ರೆ ಕರೆಂಟ್ ಹೋಗುತ್ತೆ), ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡೇ ಸ್ಕ್ರೀನ್ ಆನ್ ಮಾಡೋದು. ಮೊದಲ ಸಲ ನೀರು ಹರಿಯೋ ದಿಕ್ಕು ತೋರಿಸೋ ಬಾಣಗಳನ್ನ ನೋಡಿದ ಖುಷಿ ಹೇಗೆ ಹೇಳ್ಲಿ ಮಾರಾಯ್ರೆ! ಆಳದಲ್ಲಿ ಕಲ್ಲು ಕಾದು ಬಿಟ್ಟ ಬಿಸಿನೀರು ಶಿಯರ್ ಝೋನ್ (ಕಲ್ಲು ಒಂದಕ್ಕೊಂದು ಉಜ್ಜಿ ಜರುಗಿದ ಪಟ್ಟಿ) ಹಿಡ್ಕೊಂಡು ಮೇಲೆ ಬರ್ತಾ ಬರ್ತಾ, ಆ ಝೋನ್ ಸೊಟ್ಟ ತಿರುಗೋ ಕಡೆ, ಗಟ್ಟಿ ಕಲ್ಲು ಮೆತ್ತನೆ ಶಿಸ್ಟಿಗೆ (ಪದರ ಪದರವಾಗಿ ಏಳೋ ಕಲ್ಲು) ತಾಗೋ ಕಡೆ ಒತ್ತಡ ಇಳಿದು ಅಲ್ಲಿಗೇ ನುಗ್ಗುತ್ತೆ. ಗಂಧಕದ ಜೊತೆ ಕರಗಿ ಬಂದ ಚಿನ್ನ ಇಂಥ ಜಾಗದಲ್ಲೇ ಕೂರೋದು, ಇಲ್ಲಾಂದ್ರೆ ಕಬ್ಬಿಣ ಜಾಸ್ತಿ ಇರೋ ಕಲ್ಲಿಗೆ ತಾಗಿ ಆ ಗಂಧಕ ಪೈರೈಟ್ ಅನ್ನೋ ಖನಿಜ ಆಗುವಾಗ. 250 ಕೋಟಿ ವರ್ಷಕ್ಕೂ ಹಳೇದಾದ ನಮ್ಮ ಶಿವಮೊಗ್ಗ ಶಿಸ್ಟ್ ಬೆಲ್ಟಿನ ಒಳಗೆ ಏನು ನಡೆದಿರಬಹುದು ಅನ್ನೋದು ಕಣ್ಣೆದುರೇ ನಡೀತಾ ಇತ್ತು.

ಎರಡನೇ ವರ್ಷ ಬೇಜಾರು ಶುರುವಾಯ್ತು. ಎಲ್ಲಾ ಪರ್ಮಿಯಬಿಲಿಟಿ (ಕಲ್ಲು ನೀರನ್ನ ಎಷ್ಟು ಸುಲಭವಾಗಿ ಹರಿಯೋಕೆ ಬಿಡುತ್ತೆ) ಅನ್ನೋ ಒಂದು ನಂಬರಿಂದ. ಶಿಯರ್ ಝೋನ್‌ಗೆ 10⁻¹⁶ ಚದರ ಮೀಟರ್ ಕೊಟ್ರೆ ಗುಡ್ಡದ ಪಶ್ಚಿಮಕ್ಕೆ ಟಾರ್ಗೆಟ್, ಅಂದ್ರೆ ಚಿನ್ನ ಇರಬಹುದಾದ ಕೆಂಪು ಜಾಗ, ಬೀಳುತ್ತೆ, ಅದನ್ನೇ 10⁻¹⁸ ಮಾಡಿದ್ರೆ ನೀರು ಆ ಕಡೆ ಬರೋದೇ ಇಲ್ಲ. ಅವತ್ತಿನ ಕಲ್ಲು ಎಷ್ಟು ನೀರು ಬಿಡ್ತಿತ್ತು ಅಂತ ಈಗ ಅಳೆಯೋಕಾಗಲ್ಲ, ಊಹೆನೇ. ಆದ್ರೆ ಸ್ಕ್ರೀನ್ ಮೇಲೆ ಊಹೆಗೂ ಅಳತೆಗೂ ಒಂದೇ ಕೆಂಪು ಬಣ್ಣ, ಒಂದು ಎಚ್ಚರಿಕೆ ಸಾಲೂ ಬರಲ್ಲ. ಆ ಕೆಂಪು ನೋಡಿ ಕೆಲಸ ಕೊಟ್ಟ ಪಾರ್ಟಿ "ಇಲ್ಲೇ ಡ್ರಿಲ್ ಮಾಡ್ಸೋಣ ಅಲ್ವಾ ಸಾರ್" ಅಂದಾಗ ಹೊಟ್ಟೆಲಿ ಸಂಕಟ ಆಗುತ್ತೆ, ಒಂದೊಂದು ಬೋರಿಗೂ ಅವರ ದುಡ್ಡು ಲಕ್ಷಗಟ್ಟಲೆ. ಹೋಗಿ ನೋಡೋಣ ಅಂದ್ರೆ ಮಲೆನಾಡಲ್ಲಿ ಲ್ಯಾಟರೈಟು (ಜಂಬಿಟ್ಟಿಗೆ ಕಲ್ಲು), ಅದ್ರ ಮೇಲೆ ಅಡಿಕೆ ತೋಟ, ಕಾಡು, ಕಲ್ಲು ಕಾಣೋದೇ ಹಳ್ಳದ ದಂಡೇಲಿ ಇಲ್ಲಾ ರಸ್ತೆ ಕಡಿದ ಕಡೆ.

ಈ ವರ್ಷ ಬೇರೆ ಥರ ಬಳಸ್ತಿದೀನಿ. ಒಂದೇ ಮಾಡೆಲ್ಲು, ಆ ನಂಬರ್ ಬದಲಾಯಿಸ್ತಾ 40 ರನ್ನು. ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಕೆಂಪಾಗೇ ಉಳಿಯೋ ಜಾಗಕ್ಕೆ ಡಿಸೆಂಬರ್‌ನಲ್ಲಿ ಮೊದಲು ಹೋಗಿ ಹಳ್ಳದ ಮರಳು ಸ್ಯಾಂಪಲ್ ತಗೊಳ್ತೀನಿ, ಒಂದರಲ್ಲೂ ಕೆಂಪಾಗದ ಜಾಗ ಕೊನೆಗೆ. ಆರರಲ್ಲಿ ಎರಡು ಜಾಗ ಹಾಗೇ ಹಿಂದಕ್ಕೆ ಹೋದ್ವು, ಅಷ್ಟು ಓಡಾಟ ಉಳೀತು. 5ಕ್ಕೆ ಮೂರುವರೆ ಸ್ಟಾರ್. 16 ಜಿಬಿ ರ‍್ಯಾಮ್ ಇರೋರು 2ಡಿ ಸೆಕ್ಷನ್‌ನಲ್ಲೇ ಮಾಡಿ, 3ಡಿ ಹಾಕಿದ್ರೆ ನನ್ನ ಮಷೀನ್ ಮಧ್ಯರಾತ್ರಿಗೇ ನಿಂತಿತ್ತು.